ಅಕ್ಕ ಯಾವ ಮನೆಗೆ ಹೊರಟಿದ್ದಳು?

ಬಸವನಗುಡಿ, ಬೆಂಗಳೂರು

ಚಿ. ಸೌ. ಶುಭಾಗೆ ಚಿಕ್ಕಮ್ಮನ ಆಶೀರ್ವಾದಗಳು.

ಕಾಗದ ಬಂತು. ಆಸ್ಪತ್ರೆ ಸಮಾಚಾರ, ಹದಿಮೂರನೇ ದಿನಕ್ಕೆ ಯಾರು ಬಂದರು ಯಾರು ಬರಲಿಲ್ಲ ಅನ್ನೋದೆಲ್ಲ ಫೋನಿನಲ್ಲೇ ಆಗಿದೆ, ಅದನ್ನ ಮತ್ತೆ ಕೆದಕೋದು ಬೇಡ. ಕೊನೇಲಿ ಹೇಳಲೋ ಬೇಡವೋ ಅನ್ನೋ ಹಾಗೆ ಒಂದು ಮಾತು ಸೇರಿಸಿದ್ದೀಯಲ್ಲ, ಅದು ನನಗೆ ನಿದ್ದೆ ಬರದ ಹಾಗೆ ಮಾಡಿದೆ. "ಅಮ್ಮ ಕೊನೆಕೊನೆಗೆ ದಿನಾ ಸಂಜೆ ಮನೆಗೆ ಹೋಗೋಣ, ಮನೆಗೆ ಹೋಗೋಣ ಅಂತಿದ್ದಳು, ಅವಳ ಮನೇಲೇ ಕೂತುಕೊಂಡು. ನಾವು ಅವಳನ್ನ ಇಷ್ಟು ವರ್ಷ ಈ ಅಮೆರಿಕದಲ್ಲಿ ಹಿಡಿದಿಟ್ಟುಕೊಂಡ್ವಾ ಚಿಕ್ಕಮ್ಮ?"

ಇಲ್ಲ ಕಣೇ ಅಂತ ಬರೆದು ಕಳಿಸಬಹುದಿತ್ತು. ನೀನು ನಂಬೋಲ್ಲ. ಅಕ್ಕನ ಮಗಳಲ್ಲವಾ, ಒಂದು ಹಿಡಿದರೆ ಬಿಡೋಳಲ್ಲ.

ನಿನ್ನ ಅಜ್ಜಿ ಕಥೆ ಹೇಳ್ತೀನಿ. ನಮ್ಮಮ್ಮ ಮದುವೆಯಾಗಿ ಚಿಕ್ಕನಾಯಕನಹಳ್ಳಿಯಿಂದ ಬಸವನಗುಡಿಗೆ ಬಂದವಳು, ಆಮೇಲೆ ಬೇರೆಲ್ಲೂ ಇದ್ದವಳೇ ಅಲ್ಲ. ಅದೇ ಮನೆ, ಅದೇ ಅಡುಗೆಮನೆ, ಅದೇ ಒರಳು. ಕೊನೆಗಾಲಕ್ಕೆ ಮರೆವು ಹತ್ತಿದ ಮೇಲೆ ದೀಪ ಹಚ್ಚೋ ಹೊತ್ತಿಗೆ ಸರಿಯಾಗಿ ಸೆರಗು ಹೊದ್ದುಕೊಂಡು ಬಾಗಿಲಿಗೆ ಬಂದು ನಿಲ್ಲೋಳು. "ಕತ್ತಲಾಯ್ತು, ಮನೆಗೆ ಹೊರಡೋಣ ನಡೀರೇ." ಇದೇ ಮನೆಯಲ್ವೇನಮ್ಮ ಅಂದರೆ ಎಲ್ಲಿಲ್ಲದ ಸಿಟ್ಟು. ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದಾಗ ಡಾಕ್ಟರು, ಈ ಕಾಯಿಲೆಯಲ್ಲಿ ಇದು ತುಂಬಾ ಜನಕ್ಕೆ ಇರತ್ತೆ, ಸಂಜೆಯಾದರೆ ಕಳವಳ ಜಾಸ್ತಿ, ವಾದ ಮಾಡಬೇಡಿ ಅಂದರು. ಅಣ್ಣ ಅವಳಿಗೆ ಚಪ್ಪಲಿ ಹಾಕಿಸಿ, ಬ್ಯೂಗಲ್ ರಾಕ್ ಪಾರ್ಕಿನ ಕಡೆಗೆ ಒಂದು ಸುತ್ತು ಹೊಡೆಸಿಕೊಂಡು ಬರೋನು. ನಮ್ಮ ಗೇಟು ಕಂಡ ಕೂಡಲೇ "ಅಂತೂ ಬಂದ್ವಿ" ಅಂತ ಒಳಗೆ ಬಂದು ಕಾಫಿ ಕೇಳೋಳು.

ಇಷ್ಟು ಬರೆದ ಮೇಲೆ ಹೊಡೆದುಹಾಕಿಬಿಡೋಣ ಅನ್ನಿಸ್ತು. ನಮಗೆ ಯಾಕೆ ಇದು ಹೊಳೀಲಿಲ್ಲ ಅಂತ ನೀನು ಇನ್ನೊಂದು ಕೊರಗು ಹಚ್ಚಿಕೊಳ್ತೀಯ. ನಿಮ್ಮ ಜರ್ಸಿ ಸಿಟಿ ಚಳೀಲಿ, ಐಸ್ ಕಟ್ಟಿದ ಫುಟ್‌ಪಾತಿನ ಮೇಲೆ, ಯಾರಮ್ಮಾ ಸುತ್ತು ಹೊಡೆಸ್ತಾರೆ! ಊರೇ ಬಿಡದವಳೂ ಇದನ್ನೇ ಕೇಳಿದಳು ಅನ್ನೋದು ನಿನಗೆ ಗೊತ್ತಿರಲಿ ಅಂತ ಬರೆದೆ, ಅಷ್ಟೇ.

ಆದರೆ ನಿನ್ನ ಭಯ ಬರೀ ಕಾಯಿಲೆಯದ್ದಲ್ಲ ಅಂತ ನನಗೂ ಅರ್ಥವಾಗತ್ತೆ. ಬುದ್ಧಿ ನೆಟ್ಟಗಿದ್ದಾಗಲೂ ಅವಳು ಒಳಗೊಳಗೇ ಹೊರಟು ನಿಂತಿದ್ದಳಾ ಅಂತ ತಾನೇ ನಿನ್ನ ಪ್ರಶ್ನೆ?

ಬರೀ 8 ಡಾಲರ್ ಕೈಯಲ್ಲಿ ಹಿಡಿದು ಅಮೆರಿಕಕ್ಕೆ ಹೊರಟ ಕಥೆ, ಬೊಂಬಾಯಿ ಸಾಂತಾಕ್ರೂಜ್ ಏರ್‌ಪೋರ್ಟಿನಲ್ಲಿ ಸಾರಿನಪುಡಿ ಡಬ್ಬ ಬಿಚ್ಚಿಸಿದ ಕಥೆ, ಇವನ್ನೆಲ್ಲ ನಿಮ್ಮಪ್ಪ ಸಾಕುಬೇಕಾಗುವಷ್ಟು ಹೇಳಿದಾರೆ, ಬಿಡು. ನನ್ನ ಹತ್ತಿರ ಇರೋದು ಅಕ್ಕನ ಏರೋಗ್ರಾಂಗಳು. ನೀಲಿ ಕಾಗದ, ಮಡಿಚೋ ಅಂಚಿನಲ್ಲೂ ಬರೆದಿರ್ತಿದ್ದಳು, ಬಿಚ್ಚುವಾಗ ಎರಡು ಸಾಲು ಹರಿದೇ ಹೋಗೋದು. ನಿನ್ನ ಕಾಗದ ಓದಿದ ಮೇಲೆ ಎಲ್ಲಾ ಕೆಳಗಿಳಿಸಿ ಮತ್ತೆ ಓದಿದೆ. ಏನಿದೆ ಅಂತೀಯ? ಹಾಲಿನ ರೇಟು. ಬ್ಯಾಂಕಿನಲ್ಲಿ ಚೆಕ್ಕು ವಿಂಗಡಿಸೋ ರಾತ್ರಿ ಪಾಳಿ. ಮೇಲಿನ ಮನೆ ಇಟಾಲಿಯನ್ ಮುದುಕಿ ಚಿತ್ರಾನ್ನಕ್ಕೆ ಚೀಸ್ ಉದುರಿಸಿಕೊಂಡು ತಿಂದದ್ದು. 1977ರಲ್ಲಿ ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ ಗಣೇಶನ ದೇವಸ್ಥಾನ ಆದಾಗ, ನಿಮ್ಮೂರಿಂದ ನ್ಯೂಯಾರ್ಕಿಗೆ ಹೋಗೋ ಪಾತ್ ಟ್ರೈನು ಹತ್ತಿ, ಇಳಿದು, ಏಳನೇ ನಂಬರ್ ಸಬ್‌ವೇ ಹಿಡಿದು ಕೊನೇ ಸ್ಟೇಷನ್‌ವರೆಗೂ ನಿನ್ನನ್ನ ಎಳೆದುಕೊಂಡು ಹೋಗಿದ್ದು, ನೀನು ದಾರಿಯಲ್ಲೆಲ್ಲ ಹಟ ಮಾಡಿದ್ದು. ಊರಿನ ವಿಷಯಕ್ಕೆ ಬಂದರೆ ಪ್ರತಿ ಡಿಸೆಂಬರಿನಲ್ಲೂ ಒಂದೇ ಸಾಲು: "ಸೊಗಡವರೆ ಬಂತಾ? ಹಿತಕಿದ ಬೇಳೆ ಸಾರು ಮಾಡಿದಾಗ ನನ್ನ ಹೆಸರು ಹೇಳಿ ಒಂದು ತುತ್ತು ತಿನ್ನಿ."

ನಾನು ಮದುವೆಯಾಗಿ ಹೋದದ್ದು ರಾಜಾಜಿನಗರಕ್ಕೆ. ಒಂದು ವರ್ಷ ಅತ್ತಿದ್ದೀನಿ, ಬಸ್ ಹತ್ತಿದರೆ ತವರುಮನೆ! ಅಷ್ಟು ದೂರ ಹೋದವಳು ಅಳದೆ ಇದ್ದಾಳಾ ಅಂತ ಆ ಕಾಗದಗಳಲ್ಲಿ ನಾನೂ ಹುಡುಕಿದವಳೇ.

1987ರದ್ದು ಎರಡು ಕಾಗದ ಇದೆ. ನೀನಾಗ ಹೈಸ್ಕೂಲು, ಡಾಟ್‌ಬಸ್ಟರ್ಸ್ ಅಂತ ಹೆಸರಿಟ್ಟುಕೊಂಡ ಪುಂಡರು ನಿಮ್ಮೂರಲ್ಲಿ ನಮ್ಮವರನ್ನ ಹುಡುಕಿ ಹೊಡೀತಿದ್ದದ್ದು ನಿನಗೆ ನೆನಪಿರತ್ತೆ. ಡಾಟ್ ಅಂದರೆ ನಮ್ಮ ಹೆಂಗಸರ ಹಣೆಬೊಟ್ಟು. ನಮ್ಮವರು ಬೀದೀಲಿ ಕಂಡರೆ ಹೊಡೀತೀವಿ ಅಂತ ಪೇಪರಿಗೇ ಕಾಗದ ಬರೆದಿದ್ದರಲ್ಲ, ಏಟು ತಿಂದು ಒಬ್ಬ ತೀರಿಕೊಂಡೂ ಬಿಟ್ಟ. ನಿಮಗೆ ಗೊತ್ತಿಲ್ಲದ್ದು ಇದು: ಅಕ್ಕ ಕೆಲಸಕ್ಕೆ ಹೋಗುವಾಗ ಮೆಟ್ಟಿಲಿಳಿದು ಕುಂಕುಮ ಒರೆಸಿಕೊಳ್ತಿದ್ದಳು, ಬೆಳಗ್ಗೆ ವಾಪಸ್ ಬರೋವಾಗ ಬಾಗಿಲ ಹತ್ತಿರ ಮತ್ತೆ ಇಟ್ಟುಕೊಂಡು ಒಳಗೆ ಬರ್ತಿದ್ದಳು, ನೀವು ನೋಡಬಾರದು ಅಂತ. ಅಮ್ಮನಿಗೆ ಹೇಳಬೇಡ ಅಂತ ಬರೆದಿದ್ದಳು. ನನಗೆ ಎದೆ ಒಡೆದುಹೋಯ್ತು. ಎಲ್ಲಾ ಕಟ್ಟಿಕೊಂಡು ಬಂದುಬಿಡಿ, ಇಲ್ಲಿ ಒಂದು ತುತ್ತಿಗೆ ಬರವಾ ಅಂತ ಆವತ್ತೇ ಉತ್ತರ ಹಾಕಿದೆ. ಅದಕ್ಕೆ ಅವಳ ಜವಾಬು: "ನಾನ್ಯಾಕೇ ಬರಲಿ? ಮನೆ ಕೊಂಡಿದ್ದೀನಿ, ಕಂತು ಕಟ್ತಿದ್ದೀನಿ. ಊರು ಬಿಡೋದಾದ್ರೆ ಆ ಮುಠ್ಠಾಳರು ಬಿಡಲಿ."

ನೀವು ಹಿಡಿದಿಟ್ಟುಕೊಂಡಿದ್ದವಳ ಮಾತೇನೇ ಇದು, ಶುಭಾ? ಓದಿ ನನಗೇ ಸಿಟ್ಟು ಬಂದಿತ್ತು, ಒಳ್ಳೇದಕ್ಕೆ ಕರೆದರೆ ಹೀಗಂತಾಳಲ್ಲ ಅಂತ.

ಇಲ್ಲಿಗೆ ಬಂದರೂ ಹಾಗೇ. ಅಮೆರಿಕದ ಪೌರತ್ವ ತಗೊಂಡ ಮೇಲೆ ತವರಿಗೆ ಬರೋಕೆ ವೀಸಾ ಮಾಡಿಸಬೇಕಲ್ಲ ಅಂತ ನಗೋಳು, 2006ರಲ್ಲಿ ವೀಸಾ ಬೇಡದ ಓಸಿಐ ಕಾರ್ಡು ಶುರುವಾದ ಮೇಲೆ ಅದೊಂದು ತಲೆನೋವು ಹೋಯ್ತು. ಮೊದಲ ವಾರ ಗಾಂಧಿಬಜಾರೆಲ್ಲ ಸುತ್ತಿ, ಮಲ್ಲಿಗೆ ಮೊಳದ ರೇಟಿಗೆ ಜಗಳ ಆಡಿ, ವಿದ್ಯಾರ್ಥಿ ಭವನದಲ್ಲಿ ಕ್ಯೂ ನಿಂತು ದೋಸೆ ತಿಂದು ಖುಷಿ. ಆಮೇಲೆ ಶುರು: ಹಾರನ್ ಸದ್ದು, ಧೂಳು, "ನಮ್ಮನೇಲಾದ್ರೆ ಹಿಂದುಗಡೆ ಟೊಮೆಟೊ ಗಿಡಕ್ಕೆ ಯಾರು ನೀರು ಹಾಕ್ತಾರೋ." ಕೊನೇ ಸಲ ಬಂದಾಗ ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಿಂದ ಮೆಟ್ರೋದಲ್ಲಿ ಮಲ್ಲೇಶ್ವರಕ್ಕೆ ಕರೆದುಕೊಂಡು ಹೋಗಿದ್ದೆ. ನಮ್ಮ ಪಾತ್‌ಗಿಂತ ಶುಭ್ರವಾಗಿದೆ ಅಂತ ಒಪ್ಪಿಕೊಂಡಳು, ಬಾಯಿ ಸಣ್ಣದು ಮಾಡಿಕೊಂಡು.

ಅವಳಿಗೆ ಹಂಬಲವೇ ಇರಲಿಲ್ಲ ಅಂತ ನಿನ್ನ ಮೂಗಿಗೆ ತುಪ್ಪ ಸವರೋಲ್ಲ. ಬಸವನಗುಡಿಯ ನಮ್ಮ ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸೋವಾಗ ಪವರ್ ಆಫ್ ಅಟಾರ್ನಿಗೆ ಮರುಮಾತಿಲ್ಲದೆ ಸಹಿ ಹಾಕಿ ಕಳಿಸಿದಳು. ಜೊತೆಗೊಂದು ಚೀಟಿ: "ಬಾವಿ ಮುಚ್ಚಿಬಿಟ್ರಾ?" ನಾನು ಫೋನಿನಲ್ಲಿ ಹೂಂ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಸಕ್ಕರೆ ಕಾಯಿಲೆ ಮಾತ್ರೆ ವಿಷಯ ತೆಗೆದಳು. ಬೇಜಾರಾಯ್ತಾ ಅಕ್ಕಾ ಅಂತ ಕೇಳಬಹುದಿತ್ತು, ಕೇಳಲಿಲ್ಲ. ಈಗ ನೀನು ಕೇಳ್ತಿದ್ದೀಯ, ನಾನು ಊಹೆ ಮಾಡಿ ಹೇಳಬೇಕಾಗಿದೆ. ಸಂಜೆ ಅವಳು ಹೊರಡ್ತಿದ್ದದ್ದು ಆ ಬಾವಿಕಟ್ಟೆಗೇ ಇರಬಹುದು. ಆ ಮನೆ ಇಲ್ಲೂ ಇಲ್ಲ ಕಣೇ. ಟಿಕೆಟ್ ತೆಗೆಸಿ ಕರೆತಂದಿದ್ದರೂ ನಾವು ಅವಳನ್ನ ಬೇಸ್‌ಮೆಂಟ್ ಪಾರ್ಕಿಂಗಿಗೆ ಕರೆದುಕೊಂಡು ಹೋಗಿ ನಿಲ್ಲಿಸಬೇಕಿತ್ತು.

ನೀನು ಕೇಳಿದ್ದಕ್ಕೆ ಒಂದೆರಡು ಮಾತು, ಸರಿ ಕಂಡರೆ ಇಟ್ಟುಕೋ. ಅಸ್ಥಿಯನ್ನ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೇ ತರಬೇಕಾ ಅಂದೆಯಲ್ಲ, ತಾ. ಊರಿಗೆ ಕೊನೆಗೂ ಕರೆತಂದ್ವಿ ಅನ್ನೋ ಪ್ರಾಯಶ್ಚಿತ್ತಕ್ಕೆ ಮಾತ್ರ ತರಬೇಡ. ಸ್ವಲ್ಪ ಅಲ್ಲೇ ಹಡ್ಸನ್‌ನಲ್ಲಿ ಬಿಡೋಕಾದರೆ ಬಿಡು, ಶಾಸ್ತ್ರ ಏನನ್ನತ್ತೋ, ಭಟ್ಟರನ್ನೂ ಒಂದು ಮಾತು ಕೇಳು. ಡೆತ್ ಸರ್ಟಿಫಿಕೇಟು, ದಹನದ ಸರ್ಟಿಫಿಕೇಟು ಕೈಚೀಲದಲ್ಲೇ ಇರಲಿ, ಇನ್ನೇನು ಬೇಕು ಅಂತ ಕಾನ್ಸುಲೇಟಿನವರನ್ನ ಮುಂಚೆಯೇ ವಿಚಾರಿಸು. ಆಮೇಲೆ ನಿನ್ನ ಮಗಳು ಅಜ್ಜಿ ಬಗ್ಗೆ ಏನೋ ಬರೀತಿದ್ದಾಳಂತಲ್ಲ, ನಮಗಾಗಿ ಜೀವ ತೇದಳು, ತ್ಯಾಗಮಯಿ ಅಂತೆಲ್ಲ ಬೇಡ ಅಂತ ಹೇಳು. ಇಸ್ಪೀಟಿನಲ್ಲಿ ಮೋಸ ಮಾಡ್ತಿದ್ದದ್ದು, ಕೂಪನ್ ಕತ್ತರಿಸಿ ಡಬ್ಬ ತುಂಬಿಸ್ತಿದ್ದದ್ದು, ಇದೆಲ್ಲ ಬರಲಿ. ನನಗೆ ಬುದ್ಧಿ ಹೇಳೋಕೆ ಬರೋಲ್ಲ, ಹೇಳಿದ್ದು ಹೆಚ್ಚಾಗಿದ್ದರೆ ಬಿಟ್ಟುಬಿಡು.

ಡಿಸೆಂಬರಿನಲ್ಲೇ ಬಾ, ಅವರೆಕಾಯಿ ಇರತ್ತೆ. ಏರೋಗ್ರಾಂ ಕಟ್ಟು ನಿನಗೇ ಕೊಡ್ತೀನಿ. ನಾನು ಅಂಚೆಗೆ ಹಾಕ್ತಿದ್ದ ಹಳೇ 'ಸುಧಾ'ಗಳಲ್ಲಿ ಅಕ್ಕ ನಿನಗೆ ಅಕ್ಷರ ತಿದ್ದಿಸಿದ್ದು ದಂಡವಾಗಲಿಲ್ಲ, ನಿಧಾನವಾಗಿ ಓದಿಕೋ. 1987ರ ಎರಡು ಮಾತ್ರ ನನ್ನ ಹತ್ತಿರವೇ ಇರತ್ತೆ. ಬೇಕಾದರೆ ಫೋಟೊ ತೆಗೆದುಕೊಂಡು ಹೋಗು.

ಇತಿ,
ನಿನ್ನ ಚಿಕ್ಕಮ್ಮ