ಹಳೆ ಪೈಲಟ್ ಸಮವಸ್ತ್ರ, ಬ್ಯಾಡ್ಜ್ ಇಟ್ಟುಕೊಂಡವರ ಗಮನಕ್ಕೆ

ಕಾಸರಗೋಡು, ಕುಂಬಳೆ, ಮಂಜೇಶ್ವರದ ಗೆಳೆಯರೇ, ಆಟಿ ತಿಂಗಳು, ಜಡಿಮಳೆಯ ಕಾಲ ಬಂತು. ಉಣ್ಣೆಯ ಕೋಟು, ಚರ್ಮದ ಹೆಲ್ಮೆಟ್ ಪ್ಲಾಸ್ಟಿಕ್ ಕವರಿನಲ್ಲಿದ್ದರೆ ಇವತ್ತೇ ಹೊರಗೆ ತೆಗೆಯಿರಿ. ಒಳಗೆ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಒಗೆದ ಬಿಳಿ ಪಂಚೆಯಲ್ಲಿ ಸುತ್ತಿಡುವುದೇ ಒಳ್ಳೆಯದು. ಹಿತ್ತಾಳೆ ಗುಂಡಿಗೆ ಹುಣಸೆಹುಳಿ ಹಾಕಿ ತಿಕ್ಕಬೇಡಿ ಮಾರಾಯ್ರೆ, ಅದೇನು ಕಾಲುದೀಪವೇ? ಹಳೆ ಬಣ್ಣ ಹೋದರೆ ಬೆಲೆಯೂ ಹೋಯಿತು.

ಇನ್ನು ಮೊನ್ನೆ ನಮ್ಮ ಈ ಗುಂಪಿಗೆ ಬಂದ ಫೋಟೋ ವಿಷಯ. ರೆಕ್ಕೆಯ ಬ್ಯಾಡ್ಜ್, ನಡುವೆ 'ಆರ್‌ಐಎಎಫ್' ಅಕ್ಷರ (ಅಂದರೆ ರಾಯಲ್ ಇಂಡಿಯನ್ ಏರ್ ಫೋರ್ಸ್), '1942ರದ್ದು' ಅಂತ ಮಾರುವವರ ಮಾತು. ನಮ್ಮ ವಾಯುಪಡೆಗೆ 'ರಾಯಲ್' ಸೇರಿದ್ದು 1945ರಲ್ಲಿ, ಬಿಟ್ಟದ್ದು 1950ರಲ್ಲಿ. ಲೆಕ್ಕ ಕೂಡುವುದಿಲ್ಲ, ಅಲ್ವಾ? ಬ್ಯಾಡ್ಜಿನಲ್ಲಿರುವ ಕಿರೀಟದ ಚಿತ್ರವನ್ನೂ ನೋಡಿ. ಯುದ್ಧಕಾಲದ್ದು ರಾಜನ ಕಿರೀಟ, ಮೇಲಿನ ಕಮಾನು ಗುಂಡಗೆ ಇರುತ್ತದೆ. ನಡುವೆ ತಗ್ಗಿದ್ದರೆ ಎಲಿಜಬೆತ್ ರಾಣಿಯ ಕಾಲದ್ದು, ಅಂದರೆ 1952ರ ನಂತರ. ಹಿಂಬದಿಯ ಹೊಲಿಗೆಯ ಫೋಟೋ ನೋಡದೆ ಸುಮ್ನೆ ದುಡ್ಡು ಕಳಿಸಬೇಡಿ. ಗುಂಪಿಗೆ ಹಾಕುವಾಗಲೂ ಎರಡೂ ಬದಿ ಕಾಣಲಿ, ಪಕ್ಕದಲ್ಲಿ ಒಂದು ಸ್ಕೇಲ್ ಇಡಿ.

ಹಾಂ, ಈಗಿನ ವಾಯುಪಡೆಯ ಸಮವಸ್ತ್ರ ಮಾರುವ, ಕೊಳ್ಳುವ ಮಾತು ಇಲ್ಲಿ ಬೇಡ.