ಕಾರ್ಡು ಆಪರೇಷನ್‌ಗೆ ನಡೆಯುತ್ತದೆ, ಮಾತ್ರೆಗೆ ನಡೆಯುವುದಿಲ್ಲ: ಆರೋಗ್ಯ ಸಚಿವರಿಗೊಂದು ಪತ್ರ

ಮಾನ್ಯ ಆರೋಗ್ಯ ಸಚಿವ ಶ್ರೀ ದಿನೇಶ್ ಗುಂಡೂರಾವ್ ಅವರಿಗೆ,

ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಗ್ರಾಮ ಒನ್ ಕೇಂದ್ರ ನಡೆಸುತ್ತೇನೆ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರದ ಜೊತೆಗೆ ನಿಮ್ಮ ಇಲಾಖೆಯ ಆಯುಷ್ಮಾನ್ ಕಾರ್ಡನ್ನೂ ಮಾಡಿಕೊಡುತ್ತೇನೆ. ಹೆಬ್ಬೆಟ್ಟು ಒತ್ತಿಸಿ, ಓಟಿಪಿ ಹಾಕಿ, ಪ್ರಿಂಟ್ ತೆಗೆದು ಲ್ಯಾಮಿನೇಷನ್ ಮಾಡಿ ಕೈಗೆ ಕೊಡುವಾಗ ಬಹಳ ಜನ ಕೇಳೋದು ಒಂದೇ ಪ್ರಶ್ನೆ: "ಇದ್ರಾಗ ಏನೇನು ಬರ್ತೈತ್ರಿ?" ವರ್ಷಕ್ಕೆ ಮನೆಮಂದಿಗೆಲ್ಲ ಸೇರಿ 5 ಲಕ್ಷದ ತನಕ ಬರುತ್ತದೆ ಅಂತ ಹೇಳಿ ಸುಮ್ಮನಾಗುತ್ತೇನೆ. ಆ 5 ಲಕ್ಷ ಎಲ್ಲಿಂದ ಎಲ್ಲಿಯವರೆಗೆ ನಡೆಯುತ್ತದೆ ಅಂತ ವಿವರಿಸಲು ಕೂತರೆ ಹಿಂದೆ ಪಾಳಿಯಲ್ಲಿ ನಿಂತವರು ಬೈಯುತ್ತಾರೆ. ಹಾಗಾಗಿ ಆ ವಿವರವನ್ನು ನಿಮಗೇ ಬರೆಯುತ್ತಿದ್ದೇನೆ.

ನಮ್ಮೂರಿನಲ್ಲಿ ಒಬ್ಬ ಹಮಾಲರಿದ್ದಾರೆ. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲ ಹೊರುತ್ತಿದ್ದರು. ಎದೆನೋವು ಬಂತು. ಬಿಪಿಎಲ್ ಕಾರ್ಡ್ ಇತ್ತು, ಆಯುಷ್ಮಾನ್ ಕಾರ್ಡೂ ಇತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ದೊಡ್ಡಾಸ್ಪತ್ರೆಗೆ ಕಳಿಸುವ ಚೀಟಿ, ಅಂದರೆ ರೆಫರಲ್ ಲೆಟರ್ ಕೊಟ್ಟರು. ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೃದಯದ ಕಟ್ಟಿದ ರಕ್ತನಾಳವನ್ನು ತೆರೆದಿಡುವ ಸಣ್ಣ ಕೊಳವೆ, ಅಂದರೆ ಸ್ಟೆಂಟ್ ಹಾಕಿದರು. ಒಂದು ರೂಪಾಯಿ ಕೇಳಲಿಲ್ಲ. ಇದನ್ನು ಮೊದಲು ಹೇಳಬೇಕು, ಯಾಕೆಂದರೆ ವಾಜಪೇಯಿ ಆರೋಗ್ಯಶ್ರೀ, ಆಮೇಲೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ, ಇವೆರಡಕ್ಕೂ ಮುಂಚೆ ಇಂಥ ಮನೆಯವರು ಒಂದೋ ಹೊಲ ಮಾರುತ್ತಿದ್ದರು, ಇಲ್ಲಾ ದೇವರ ಮೇಲೆ ಭಾರ ಹಾಕಿ ರೋಗಿಯನ್ನು ವಾಪಸ್ ಕರೆದುಕೊಂಡು ಬರುತ್ತಿದ್ದರು. ಯೋಜನೆಯನ್ನು ಬೈಯೋಕೆ ನಾನು ಕೂತಿಲ್ಲ.

ಡಿಸ್ಚಾರ್ಜ್ ಆಗುವಾಗ ಒಂದು ಕವರ್ ತುಂಬ ಮಾತ್ರೆ ಕೊಟ್ಟರು. ಅವು ಮುಗಿದ ಮೇಲೆ ಅವರ ಹೆಂಡತಿ ನನ್ನ ಸೆಂಟರ್‌ಗೆ ಬಂದರು. ಒಂದು ಕೈಯಲ್ಲಿ ಡಾಕ್ಟರ್ ಚೀಟಿ, ಇನ್ನೊಂದರಲ್ಲಿ ನಾನೇ ಲ್ಯಾಮಿನೇಟ್ ಮಾಡಿಕೊಟ್ಟ ಕಾರ್ಡು. "ತಮ್ಮಾ, ಈ ಕಾರ್ಡು ಗುಳಿಗಿಗೆ ನಡಿಯಂಗಿಲ್ಲೇನು?" ಅಂದರು.

ನಡೆಯೋದಿಲ್ಲ ಅಲ್ವಾ ಸರ್? ಅಡ್ಮಿಟ್ ಆಗುವ ಹಿಂದಿನ 3 ದಿನ, ಡಿಸ್ಚಾರ್ಜ್ ಆದಮೇಲಿನ 15 ದಿನ. ಆಸ್ಪತ್ರೆ ಹೊರಗಿನ ಟೆಸ್ಟ್, ಮಾತ್ರೆಗೆ ಕಾರ್ಡು ನಡೆಯೋದು ಅಷ್ಟೇ ದಿನ. ಆದರೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಕ್ಲೋಪಿಡೋಗ್ರೆಲ್, ಆಸ್ಪಿರಿನ್ ಥರದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳು ತಿಂಗಳುಗಟ್ಟಲೆ ಬೇಕು, ಸಾಮಾನ್ಯವಾಗಿ ವರ್ಷದ ತನಕ. ಕೆಲವು ಮಾತ್ರೆ ಜೀವಮಾನವಿಡೀ. ಜೊತೆಗೆ ಕೊಲೆಸ್ಟ್ರಾಲ್‌ಗೆ ಒಂದು, ಬಿಪಿಗೆ ಒಂದು. ಮಧ್ಯದಲ್ಲಿ ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಗಟ್ಟಿಯಾಗಿ ಮತ್ತೆ ಹಾರ್ಟ್ ಅಟ್ಯಾಕ್ ಆಗಬಹುದು ಅಂತ ಡಾಕ್ಟರೇ ಹೇಳಿ ಕಳಿಸುತ್ತಾರೆ. ಭಾರ ಎತ್ತಬೇಡಿ ಅಂತಲೂ ಹೇಳಿರುತ್ತಾರೆ. ಹಮಾಲಿ ಮಾಡುವವನಿಗೆ ಭಾರ ಎತ್ತಬೇಡ ಅಂದರೆ ಆ ದಿನದಿಂದ ಪಗಾರ ನಿಂತಿತು ಅಂತ ಅರ್ಥ. ಗಳಿಕೆ ನಿಂತ ಮನೆಯಲ್ಲೇ ಮೆಡಿಕಲ್ ಶಾಪ್ ಖರ್ಚು ಶುರುವಾಗುತ್ತದೆ. ಆ ಮನೆಯವರು ಏನು ಮಾಡಿದರು ಗೊತ್ತಾ? ದಿನಾ ನುಂಗಬೇಕಾದ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಿಸಿದರು. ಹಂಗಾದರೆ ಒಂದು ತಿಂಗಳದ್ದು ಎರಡು ತಿಂಗಳು ಬರುತ್ತದಲ್ಲ!

ಸ್ಟೆಂಟ್‌ಗೆ ಸರ್ಕಾರ ಅಷ್ಟು ದುಡ್ಡು ಕೊಟ್ಟಿದೆ. ಮತ್ತೆ ಬ್ಲಾಕ್ ಆದರೆ ಎರಡನೇ ಸಲವೂ ಕೊಡುತ್ತದೆ. ಅದನ್ನು ತಡೆಯುವ ಮಾತ್ರೆಗೆ ಮಾತ್ರ ಕೊಡುವುದಿಲ್ಲ. ಕರುಣೆ ಪಕ್ಕಕ್ಕಿಡಿ, ಬರೀ ಖರ್ಚಿನ ಲೆಕ್ಕ ನೋಡಿದರೂ ಇದು ಸರಿ ಕಾಣುತ್ತದಾ?

ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ ಅಂತ ನೀವು ಹೇಳುತ್ತೀರಿ. 2025ರಲ್ಲಿ ಸರ್ಕಾರಿ ಆಸ್ಪತ್ರೆ ಆವರಣದ ಜನೌಷಧಿ ಕೇಂದ್ರಗಳನ್ನು ಮುಚ್ಚಿಸಲು ಹೊರಟಾಗಲೂ ಇದೇ ಕಾರಣ ಕೊಟ್ಟಿರಿ. ನಮ್ಮ ಅನುಭವ ಬೇರೆ. ಸ್ಟಾಕ್ ಇದ್ದಾಗ ಕೊಡುತ್ತಾರೆ. ಬಿಪಿ, ಶುಗರ್ ಮಾತ್ರೆ ಬಹುಮಟ್ಟಿಗೆ ಸಿಗುತ್ತದೆ. ಹಾರ್ಟ್ ಮಾತ್ರೆಯ ಚೀಟಿ ತೋರಿಸಿದರೆ "ಇದು ಹೊರಗಡೆ ತಗೊಳ್ಳಿ" ಅನ್ನುತ್ತಾರೆ. ಹೊರಗಡೆ ಅಂದರೆ ರಸ್ತೆಯ ಆ ಕಡೆಯ ಮೆಡಿಕಲ್ ಶಾಪ್.

ಟೆಸ್ಟ್‌ಗಳ ಕಥೆಯೂ ಹೀಗೇ. ಹೊಟ್ಟೆನೋವು ಅಂತ ಹೋದವರಿಗೆ ಸ್ಕ್ಯಾನಿಂಗ್, ರಕ್ತಪರೀಕ್ಷೆ, ಎಂಡೋಸ್ಕೋಪಿ ಎಲ್ಲ ಮಾಡಿಸಿ, "ಆಪರೇಷನ್ ಬೇಕಾಗಿಲ್ಲ, ಮಾತ್ರೆಯಲ್ಲಿ ವಾಸಿಯಾಗುತ್ತದೆ" ಅಂದರೆ ಅದು ಒಳ್ಳೆ ಸುದ್ದಿ ತಾನೇ? ಆದರೆ ಅಡ್ಮಿಟ್ ಆಗಲಿಲ್ಲವಾದ್ದರಿಂದ ಬಿಲ್ ಪೂರ್ತಿ ಅವರ ತಲೆ ಮೇಲೆ. "ಎರಡು ದಿನ ಅಡ್ಮಿಟ್ ಮಾಡ್ಕೊಳ್ರಿ ಡಾಕ್ಟ್ರೇ" ಅಂತ ರೋಗಿಗಳೇ ಗೋಗರೆಯುವ ಪರಿಸ್ಥಿತಿ ಬಂದಿರೋದು ಇದಕ್ಕೇ. ಓಡಾಟದ ಖರ್ಚಲ್ಲಿ ಶಕ್ತಿ ಯೋಜನೆಯಿಂದ ಹೆಂಡತಿಗೆ ಬಸ್ ಟಿಕೆಟ್ ಉಳಿಯುತ್ತದೆ. ರೋಗಿ ಗಂಡಸಾದರೆ ಅವನ ಟಿಕೆಟ್ ಅವನೇ ತೆಗೆಸಬೇಕು.

ಇದೆಲ್ಲ ಬಿಪಿಎಲ್ ಕಾರ್ಡ್ ಇದ್ದವರ ಮಾತಾಯಿತು. ಅದೇ ಇಲ್ಲದವರ ಪಾಡು ಕೇಳಬೇಡಿ. ಎಪಿಎಲ್ ಮನೆಗೆ ನಿಮ್ಮ ಯೋಜನೆಯಲ್ಲಿ ಸಿಗೋದು ಪ್ಯಾಕೇಜ್ ದರದ (ಒಂದೊಂದು ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ದರ) ಶೇ 30, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. 1 ಲಕ್ಷದ ಆಪರೇಷನ್ ಆದರೆ ಸರ್ಕಾರದ್ದು 30 ಸಾವಿರ, ಮನೆಯವರದ್ದು 70 ಸಾವಿರ. ಎಪಿಎಲ್ ಅಂದ ತಕ್ಷಣ ಕಾರು-ಬಂಗಲೆಯವರು ಅಂದುಕೊಳ್ಳಬೇಡಿ. ಬಿಪಿಎಲ್ ಆದಾಯಮಿತಿ ವರ್ಷಕ್ಕೆ 1.20 ಲಕ್ಷ, ಅಂದರೆ ತಿಂಗಳಿಗೆ 10 ಸಾವಿರ. ಗಂಡ ಗಾರೆ ಕೆಲಸಕ್ಕೆ, ಹೆಂಡತಿ ಗಾರ್ಮೆಂಟ್ಸ್‌ಗೆ ಹೋದರೆ ಆ ಮಿತಿ ದಾಟಿಬಿಡುತ್ತಾರೆ. ನಮ್ಮ ಕಡೆ ಇನ್ನೊಂದು ತಮಾಷೆ ನೋಡಿದ್ದೇನೆ. ಮಗ ಬೈಕ್ ಸಾಲ ಬೇಕು ಅಂತ ಯಾರೋ ಹೇಳಿದ ಮಾತು ಕೇಳಿ ಐಟಿ ರಿಟರ್ನ್ಸ್ ಹಾಕಿಸಿದ. ತೆರಿಗೆ ಒಂದು ಪೈಸೆ ಕಟ್ಟಿಲ್ಲ. ಆದರೂ ಮನೆಯ ಕಾರ್ಡು ರದ್ದತಿ ಪಟ್ಟಿಗೆ ಬಂತು. 2024ರ ನವೆಂಬರ್‌ನಲ್ಲಿ ಕಾರ್ಡ್ ರದ್ದತಿಯ ಗಲಾಟೆ ಎದ್ದಾಗ ಎಲ್ಲರೂ ಅಕ್ಕಿ ಹೋಯಿತು ಅಂತ ಕೂಗಿದರು. ಅಕ್ಕಿಯ ಜೊತೆಗೆ 5 ಲಕ್ಷದ ಚಿಕಿತ್ಸೆಯೂ ಹೋಗುತ್ತದೆ ಅನ್ನೋದು ಆಸ್ಪತ್ರೆ ಮೆಟ್ಟಿಲು ಹತ್ತಿದ ಮೇಲೇ ಗೊತ್ತಾಗೋದು. ರೇಷನ್ ಕಾರ್ಡ್ ಆಹಾರ ಇಲಾಖೆಯದ್ದು, ನಮ್ಮ ಕೈಲಿಲ್ಲ ಅಂತ ನೀವು ಹೇಳಬಹುದು. ಆದರೆ ಯಾರಿಗೆ ಪೂರ್ತಿ ಚಿಕಿತ್ಸೆ, ಯಾರಿಗೆ ಶೇ 30 ಅನ್ನೋದಕ್ಕೆ ಅದೇ ಕಾರ್ಡನ್ನು ಅಳತೆಗೋಲು ಮಾಡಿಕೊಂಡಿರೋದು ನಿಮ್ಮ ಇಲಾಖೆಯೇ.

ಊರು ಬಿಟ್ಟು ಬೆಂಗಳೂರು ಸೇರಿದ ಹುಡುಗರದ್ದು ಇನ್ನೊಂದು ಥರ. ನೌಕರರಿಗೆ ಚಿಕಿತ್ಸೆ ಕೊಡುವ ಇಎಸ್‌ಐ ವಿಮೆಗೆ ಸಂಬಳದ ಮಿತಿ 2017ರಿಂದ 21 ಸಾವಿರದಲ್ಲೇ ನಿಂತಿದೆ. ಸೆಕ್ಯುರಿಟಿ ಕೆಲಸದವನಿಗೆ 22 ಸಾವಿರ ಸಂಬಳ ಇದ್ದರೆ ಇಎಸ್‌ಐ ಇಲ್ಲ, ಬಿಪಿಎಲ್ಲೂ ಇಲ್ಲ. ಇಎಸ್‌ಐ ಕೇಂದ್ರದ್ದು, ಗೊತ್ತು. ಡೆಲಿವರಿ ಹುಡುಗರಿಗೆ ಅಂತ ರಾಜ್ಯ ಸರ್ಕಾರ 2023ರಲ್ಲಿ ಮಾಡಿದ ವಿಮೆ ಒಳ್ಳೆಯದೇ. ಆದರೆ ಅದು ಸಾವಿಗೆ, ಅಪಘಾತಕ್ಕೆ. ಮಳೆಯಲ್ಲಿ ನೆನೆದು ನ್ಯುಮೋನಿಯಾ ಆದರೆ ಅದರಲ್ಲಿ ಏನೂ ಇಲ್ಲ.

ಎಲ್ಲವನ್ನೂ ನಾಳೆಯೇ ಸರಿಮಾಡಿ ಅಂತ ಕೇಳುತ್ತಿಲ್ಲ ಸರ್. ಮೊದಲು ಆ 15 ದಿನದ ಗೆರೆ ಸ್ವಲ್ಪ ಮುಂದೆ ಸರಿಸಿ. ಕೇಂದ್ರದ ನಿಯಮ ಅಡ್ಡ ಬಂದರೆ ರಾಜ್ಯದ ದುಡ್ಡಲ್ಲಿ ಮಾಡಿ. ಸ್ಟೆಂಟ್, ಬೈಪಾಸ್, ಕಿಡ್ನಿ ಕಸಿ, ಕ್ಯಾನ್ಸರ್, ಪಾರ್ಶ್ವವಾಯು, ಈ ಐದಕ್ಕಾದರೂ ಡಿಸ್ಚಾರ್ಜ್ ನಂತರ ಒಂದು ವರ್ಷ ಮಾತ್ರೆ ಕೊಡಿ. ದಾರಿಯೂ ನಿಮ್ಮ ಹತ್ತಿರವೇ ಇದೆ. 2024ರಲ್ಲಿ ಕೋಲಾರದಲ್ಲಿ ಶುರು ಮಾಡಿದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಬಿಪಿ, ಶುಗರ್ ನೋಡಲು ಮನೆ ಬಾಗಿಲಿಗೇ ಹೋಗುತ್ತಾರಲ್ಲ, ಅದೇ ಚೀಲದಲ್ಲಿ ಹಮಾಲರ ಕ್ಲೋಪಿಡೋಗ್ರೆಲ್ ಮಾತ್ರೆಯೂ ಇರಲಿ. ಯಾರಿಗೆ ಯಾವ ಊರಲ್ಲಿ ಸ್ಟೆಂಟ್ ಹಾಕಿದ್ದಾರೆ ಅನ್ನೋ ಲೆಕ್ಕ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನ ಕಂಪ್ಯೂಟರ್‌ನಲ್ಲಿ ಇದ್ದೇ ಇದೆ. ಬಿಲ್ ಪಾಸ್ ಮಾಡುವವರು ಅವರೇ ಅಲ್ವಾ?

ಎಪಿಎಲ್‌ನವರ ವಿಷಯದಲ್ಲಿ ಶೇ 30 ಅನ್ನೋದನ್ನು ಎಲ್ಲರಿಗೂ ಒಂದೇ ಥರ ಇಡಬೇಡಿ. ತಿಂಗಳಿಗೆ 15 ಸಾವಿರದವನಿಗೂ ಲಕ್ಷ ದಾಟಿದವನಿಗೂ ಒಂದೇ ಅಳತೆ ಯಾಕೆ? ತಹಶೀಲ್ದಾರರ ಆದಾಯ ಪ್ರಮಾಣಪತ್ರ ನಮ್ಮ ಸೆಂಟರ್‌ನಲ್ಲೇ ಅರ್ಜಿ ಹಾಕಿದರೆ ಸಿಗುತ್ತದೆ. ಅದನ್ನು ನೋಡಿ ಎರಡು-ಮೂರು ಹಂತ ಮಾಡಬಹುದು. ಹಾಗೇ ಬಿಪಿಎಲ್ ಕಾರ್ಡ್ ರದ್ದಾದ ಮನೆಯಲ್ಲಿ ಯಾರಿಗಾದರೂ ಡಯಾಲಿಸಿಸ್, ಕೀಮೋ ನಡೆಯುತ್ತಿದ್ದರೆ ಅದು ಮುಗಿಯುವ ತನಕ ಹಳೇ ಸೌಲಭ್ಯ ಮುಂದುವರಿಯಲಿ.

ರೆಫರಲ್ ಲೆಟರ್‌ಗಾಗಿ ಅಲೆಯುವ ಕಥೆ ಬರೆಯೋಕೆ ಇನ್ನೊಂದು ಪತ್ರವೇ ಬೇಕು, ಇವತ್ತು ಬೇಡ.

ಮಾತ್ರೆಯ ಬಗ್ಗೆ ಆದೇಶ ಹೊರಡಿಸಿದರೆ ದಯವಿಟ್ಟು ಅದನ್ನು ಕನ್ನಡದಲ್ಲಿ, ಒಂದೇ ಪುಟದಲ್ಲಿ, ಗ್ರಾಮ ಒನ್ ಕೇಂದ್ರಗಳಿಗೂ ಕಳಿಸಿ. ಪ್ರಿಂಟ್ ಖರ್ಚು ನಾವೇ ಹಾಕಿಕೊಳ್ಳುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಗ್ರಾಮ ಒನ್ ಆಪರೇಟರ್, ಹಾವೇರಿ ಜಿಲ್ಲೆ