ಮರಿಬಾಂಬಿಗೆ ಕದನವಿರಾಮ ತಿಳಿಯದು

ಮಾನ್ಯ ಸಂಪಾದಕರೇ,

2023ರ ಜುಲೈನಲ್ಲಿ ಅಮೆರಿಕ ಉಕ್ರೇನಿಗೆ ಕ್ಲಸ್ಟರ್ ಶೆಲ್ (ಒಳಗಿನ ಮರಿಬಾಂಬುಗಳನ್ನು ಗಾಳಿಯಲ್ಲಿ ಚೆಲ್ಲುವ ಫಿರಂಗಿ ಗುಂಡು) ಕೊಡಲು ಒಪ್ಪಿದಾಗಿನಿಂದ, ತನ್ನ ನೆಲ ಕಾಯುವವನಿಗೆ ಯಾವ ಆಯುಧವೂ ಸಲ್ಲುತ್ತದೆ ಎಂಬ ವಾದ ಕೇಳಿಬರುತ್ತಿದೆ. ಆತ್ಮರಕ್ಷಣೆಯ ಹಕ್ಕಿಗೆ ನಮ್ಮ ತಕರಾರಿಲ್ಲ. ತಕರಾರಿರುವುದು ಈ ಆಯುಧ ಕೆಲಸ ಮಾಡುವ ರೀತಿಗೆ.

155 ಎಂಎಂ ಫಿರಂಗಿಯ ಒಂದು ಶೆಲ್ಲಿನಲ್ಲಿ, ಮಾದರಿಗೆ ತಕ್ಕಂತೆ, 72 ಇಲ್ಲವೇ 88 ಮರಿಬಾಂಬು. ಒಂದೊಂದೂ ದಪ್ಪ ಟಾರ್ಚ್ ಸೆಲ್ಲಿನಷ್ಟು. ತಲೆಯಲ್ಲಿರುವ ನೈಲಾನ್ ಪಟ್ಟಿ ಗಾಳಿಗೆ ಬಿಚ್ಚಿಕೊಂಡು ಬಾಂಬನ್ನು ನೆಟ್ಟಗೆ ಇಳಿಸುತ್ತದೆ, ಸಿಡಿಯಲು ಸಜ್ಜುಗೊಳಿಸುತ್ತದೆ. ಗಟ್ಟಿ ನೆಲಕ್ಕೆ ಬಡಿದರೆ ಸಿಡಿಯುತ್ತದೆ. ಕೆಸರಿಗೆ ಬಿದ್ದರೆ ಪೆಟ್ಟು ಸಾಲದೆ, ಸಿಡಿಯದೇ ಉಳಿಯಬಹುದು. ಶಿರಸಿಯ ತೋಟಗಳಂತೆ ಮೆತ್ತನೆ ಮಣ್ಣು, ಮೇಲೆ ತರಗೆಲೆ ಇದ್ದಲ್ಲಿ ಎಷ್ಟು ಉಳಿದಾವು, ಯೋಚಿಸಿ. ಪಟ್ಟಿ ಕೊಂಬೆಗೆ ಸಿಕ್ಕಿ ನೇತಾಡುವುದೂ ಉಂಟು. ಮಕ್ಕಳ ಕೈ ಮೊದಲು ಹೋಗುವುದು ಅದಕ್ಕೇ.

ಜನವಸತಿಯಲ್ಲಿ ಬಳಸುವುದಿಲ್ಲ, ಬಿದ್ದ ಜಾಗ ಬರೆದಿಡುತ್ತೇವೆ ಎಂದು ಉಕ್ರೇನ್ ಮಾತು ಕೊಟ್ಟಿತ್ತು. ಅದು ಕನಿಷ್ಠ ಕರ್ತವ್ಯ, ಸಮರ್ಥನೆಯಲ್ಲ. ಸ್ವಂತ ಹೊಲಕ್ಕೆ ಹಾರಿಸಿದರೆ ಆಮೇಲೆ ಅಲ್ಲಿ ಉಳುವವರು ಸ್ವಂತ ರೈತರೇ.

ಕ್ಲಸ್ಟರ್ ಆಯುಧಗಳನ್ನು ನಿಷೇಧಿಸುವ 2008ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಗಡಿ ಕಾಯುವ ಅನಿವಾರ್ಯತೆ ನಮಗೆ ಅರ್ಥವಾಗುತ್ತದೆ. ಕಡೇಪಕ್ಷ ತಾನಾಗಿ ನಾಶವಾಗುವ ವ್ಯವಸ್ಥೆ ಇಲ್ಲದ ಹಳೆಯ ಮಾದರಿಗಳನ್ನು ಬಳಸುವುದಿಲ್ಲ ಎಂದು ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಘೋಷಿಸಲಿ.

– ಕೆಲವು ನಿವೃತ್ತ ಸೈನಿಕರು, ಕಾರವಾರ